ಹಲ್ಲಿಗೆ ಯಾವ ಕ್ಯಾಪ್ ಹಾಕಿಸಲಿ? ಲ್ಯಾಬ್ ಪರೀಕ್ಷೆಯ ಅಂಕಿಗಳನ್ನು ಓದಿ ಆರಿಸುವ ಬಗೆ

ರೂಟ್ ಕೆನಾಲ್ ಮುಗಿದ ದಿನ ಕ್ಲಿನಿಕ್ಕಿನಲ್ಲಿ ಒಂದು ಕಾರ್ಡು ಮುಂದಿಡುತ್ತಾರೆ. ಮೆಟಲ್, ಪಿಎಫ್‌ಎಂ (ಒಳಗೆ ಲೋಹ, ಹೊರಗೆ ಪಿಂಗಾಣಿ), ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್), ಇಮ್ಯಾಕ್ಸ್ (ಗಾಜಿನ ಜಾತಿಯ ಸೆರಾಮಿಕ್). ಒಂದೊಂದರ ಪಕ್ಕ ಒಂದೊಂದು ಬೆಲೆ. ಕೆಲವು ಕಾರ್ಡುಗಳಲ್ಲಿ '1,200 ಮೆಗಾಪಾಸ್ಕಲ್ ಬಲ' ಅಂತಲೂ, '15 ವರ್ಷ ವಾರಂಟಿ' ಅಂತಲೂ ಬರೆದಿರುತ್ತದೆ. ಮರಗಟ್ಟಿದ ತುಟಿ ಇನ್ನೂ ಸರಿಹೋಗಿರುವುದಿಲ್ಲ, ಅಷ್ಟರಲ್ಲಿ ತೀರ್ಮಾನ ಹೇಳಬೇಕು. ಬಂಧುಗಳು, ಸ್ನೇಹಿತರು ನನಗೆ ಫೋನ್ ಮಾಡುವುದು ಸರಿಯಾಗಿ ಆ ಹೊತ್ತಿಗೆ. "ಜಿರ್ಕೋನಿಯಾನೇ ಹಾಕಿಸಬೇಕಾ, ಪಿಎಫ್‌ಎಂ ಸಾಕಾ?" ಎಲ್ಲರದೂ ಇದೇ ಪ್ರಶ್ನೆ.

ನಾನು ಹಲ್ಲಿನ ಡಾಕ್ಟರ್ ಅಲ್ಲ. ಹಲ್ಲಿಗೆ ಬಳಸುವ ವಸ್ತುಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಮುರಿಯುವುದು, ನೆನೆಸುವುದು, ಹಬೆಯಲ್ಲಿ ಬೇಯಿಸುವುದು, ಉಜ್ಜಿ ಸವೆಸುವುದು ನನ್ನ ಕೆಲಸವಾಗಿತ್ತು. ನಿಮ್ಮ ಬಾಯಿ ನೋಡಿ ಹೇಳಬೇಕಾದವರು ನಿಮ್ಮ ಡಾಕ್ಟರೇ. ಆದರೆ ಕಾರ್ಡಿನ ಮೇಲಿನ ಆ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು ಅನ್ನುವುದನ್ನು ನಾನು ಹೇಳಬಲ್ಲೆ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ: ಒಂದೇ ಒಂದು ಹಲ್ಲಿಗೆ ಕ್ಯಾಪ್ ಹಾಕಿಸುವಾಗ ಆ ದೊಡ್ಡ ಅಂಕಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಿದರೆ ಸಾಕು.

ಮೊದಲು, ಆ ಮೆಗಾಪಾಸ್ಕಲ್ ಅಂದರೆ ಏನು

ಹಲ್ಲಿನ ಸೆರಾಮಿಕ್‌ಗಳಿಗೆ ಐಎಸ್‌ಓ 6872 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ಹೇಳಿರುವ ಒಂದು ಪರೀಕ್ಷೆ ಹೀಗೆ. ವಸ್ತುವಿನಿಂದ ಒಂದು ಸಣ್ಣ ಬಿಲ್ಲೆ ಮಾಡುತ್ತೇವೆ. ಅಡ್ಡಗಲ 12ರಿಂದ 16 ಮಿಲಿಮೀಟರ್, ದಪ್ಪ ಸುಮಾರು 1.2 ಮಿಲಿಮೀಟರ್. ಮೂರು ಒಲೆಗುಂಡಿನ ಮೇಲೆ ಪಾತ್ರೆ ಕೂರಿಸಿದ ಹಾಗೆ ಅದನ್ನು ಮೂರು ಪುಟ್ಟ ಉಕ್ಕಿನ ಗುಂಡುಗಳ ಮೇಲೆ ಕೂರಿಸುತ್ತೇವೆ. ಮೇಲಿನಿಂದ ಸರಿಯಾಗಿ ನಡುಮಧ್ಯಕ್ಕೆ ಒಂದು ಸಣ್ಣ ಕಡ್ಡಿ ನಿಧಾನವಾಗಿ ಒತ್ತುತ್ತದೆ. ಬಿಲ್ಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕೆಳಮೈ ಹಿಗ್ಗುತ್ತದೆ, ಟಳ್ ಎಂದು ಒಡೆಯುತ್ತದೆ. ಒಡೆದಾಗ ಎಷ್ಟು ಒತ್ತಿತ್ತು ಅನ್ನುವುದರಿಂದ ಮೆಗಾಪಾಸ್ಕಲ್, ಅಂದರೆ ಒಂದು ಚದರ ಮಿಲಿಮೀಟರಿಗೆ ಬಿದ್ದ ಬಲ, ಲೆಕ್ಕ ಹಾಕುತ್ತೇವೆ.

ಇಲ್ಲಿ ಒಂದು ವಿಷಯ ಗಮನಿಸಿ. ಒಂದೇ ದಿನ, ಒಂದೇ ಕುಲುಮೆಯಲ್ಲಿ, ಒಬ್ಬರೇ ಮಾಡಿದ 30 ಬಿಲ್ಲೆಗಳೂ ಒಂದೇ ಅಂಕಿಗೆ ಒಡೆಯುವುದಿಲ್ಲ. ಒಂದು 700ಕ್ಕೆ ಹೋದರೆ ಇನ್ನೊಂದು 1,200ರ ತನಕ ತಡೆಯಬಹುದು. ಸೆರಾಮಿಕ್ ಮುರಿಯುವುದು ತನ್ನೊಳಗಿನ ಅತಿ ದೊಡ್ಡ ಲೋಪದಿಂದ, ಅದು ಒಂದು ಗೀರೋ ಗಾಳಿಗುಳ್ಳೆಯೋ ಆಗಿರಬಹುದು. ಸರಪಳಿ ತುಂಡಾಗುವುದು ಅದರ ಬಡಕಲು ಕೊಂಡಿಯಲ್ಲಿ ಅಲ್ವಾ, ಹಾಗೆ. ಸ್ವೀಡನ್ನಿನ ಎಂಜಿನಿಯರ್ ವಾಲೊಡ್ಡಿ ವೈಬುಲ್ 1939ರಲ್ಲಿ ಈ ಏರುಪೇರನ್ನು ಲೆಕ್ಕ ಮಾಡುವ ದಾರಿ ತೋರಿಸಿದರು. ನಾವು ಇಂದಿಗೂ ಅದನ್ನೇ ಬಳಸುತ್ತೇವೆ. ಕಾರ್ಡಿನಲ್ಲಿ ಅಚ್ಚಾಗುವುದು ಸರಾಸರಿ, ಕೆಲವೊಮ್ಮೆ ಎಲ್ಲಕ್ಕಿಂತ ಮೇಲಿನ ಅಂಕಿ. ನಿಮ್ಮ ಬಾಯಿಗೆ ಬರುವುದು ಆ ಮೂವತ್ತರಲ್ಲಿ ಯಾವುದು ಬೇಕಾದರೂ ಆಗಬಹುದು.

ಇನ್ನು ಆ ಮಾನದಂಡ ಎಷ್ಟು ಬಲ ಕೇಳುತ್ತದೆ ನೋಡಿ. ಹಲ್ಲಿಗೆ ರಾಸಾಯನಿಕವಾಗಿ ಅಂಟಿಸುವ ಒಂಟಿ ಕ್ಯಾಪಿಗೆ, ದವಡೆ ಹಲ್ಲಾದರೂ, 100 ಮೆಗಾಪಾಸ್ಕಲ್ ಸಾಕು. ಮಾಮೂಲಿ ಸಿಮೆಂಟಿನಲ್ಲಿ ಕೂರಿಸುವ ಒಂಟಿ ಕ್ಯಾಪಿಗೆ 300. ದವಡೆ ಹಲ್ಲು ಸೇರಿದ ಮೂರು ಹಲ್ಲಿನ ಬ್ರಿಡ್ಜಿಗೆ (ಬಿದ್ದುಹೋದ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಹಾಕುವ ಕ್ಯಾಪಿನ ಸಾಲು) 500. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಹಲ್ಲಿನ ಬ್ರಿಡ್ಜಿಗೆ 800. ಒಂದು ಹಲ್ಲಿಗೆ ಕ್ಯಾಪ್ ಹಾಕಿಸುವವರು 1,200 ಮತ್ತು 1,000ದ ನಡುವೆ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡೂ ಬೇಕಾದ್ದಕ್ಕಿಂತ ಎಷ್ಟೋ ಮೇಲಿವೆ.

ಹಾಗಾದರೆ ಯಾವುದನ್ನು ತೂಗಿ ನೋಡಬೇಕು

ಬಿರುಕು ತಡೆಯುವ ಗುಣ ಬಲಕ್ಕಿಂತ ಬೇರೆ. ಗಾಜಿನ ಲೋಟ ಭಾರ ಹೊರುತ್ತದೆ, ಆದರೆ ಒಂದು ಗೀರು ಬಿದ್ದರೆ ಸಾಕು. ಶುರುವಾದ ಬಿರುಕು ಮುಂದೆ ಹೋಗಲು ಎಷ್ಟು ಕಷ್ಟ ಅನ್ನುವುದನ್ನು ಲ್ಯಾಬಿನಲ್ಲಿ ಬೇರೆಯಾಗಿ ಅಳೆಯುತ್ತೇವೆ. ಆ ಅಳತೆಯಲ್ಲಿ ಮಾಮೂಲಿ ಪಿಂಗಾಣಿಗೆ ಸುಮಾರು 1 ಬಂದರೆ, ಇಮ್ಯಾಕ್ಸ್ ಜಾತಿಯ ಗಾಜು ಸೆರಾಮಿಕ್‌ಗೆ 2ರಿಂದ 3, ಗಟ್ಟಿ ಜಿರ್ಕೋನಿಯಾಕ್ಕೆ 5ರ ಆಸುಪಾಸು ಬರುತ್ತದೆ.

ಎರಡನೆಯದು, ನೆನೆದು ದಣಿದ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದು. ದವಡೆ ಹಲ್ಲಲ್ಲಿ ಜೋರಾಗಿ ಕಚ್ಚಿದರೆ 50ರಿಂದ 80 ಕಿಲೋದಷ್ಟು ಭಾರ ಬೀಳಬಹುದು. ಊಟ ಮಾಡುವಾಗ ಅಷ್ಟಿಲ್ಲ, ಆದರೆ ದಿನಾ ಸಾವಿರಾರು ಸಲ ಬೀಳುತ್ತದೆ. ಬಾಯಿ ಸದಾ ಒದ್ದೆ. ಬಿಸಿ ಕಾಫಿ, ಹಿಂದೆಯೇ ತಣ್ಣೀರು. ಇದನ್ನು ಅನುಕರಿಸಲು ಅಗಿಯುವ ಯಂತ್ರ ಇದೆ. ಸುಮಾರು 5 ಕಿಲೋ ಭಾರದಲ್ಲಿ 12 ಲಕ್ಷ ಸಲ ಕುಟ್ಟುತ್ತದೆ, ಜೊತೆಗೆ 5 ಮತ್ತು 55 ಡಿಗ್ರಿ ನೀರನ್ನು ಬದಲಾಯಿಸುತ್ತಾ ಹಾಯಿಸುತ್ತದೆ. ಇದು 5 ವರ್ಷದ ಅಗಿಯುವಿಕೆಗೆ ಸಮ ಅಂತ ಹೇಳುವುದು ವಾಡಿಕೆ. ಆ ಸಮೀಕರಣವನ್ನು ನಾನು ಅಕ್ಷರಶಃ ನಂಬುವುದಿಲ್ಲ. ಆದರೂ ಒಂದೇ ಏಟಿಗೆ ಮುರಿಯುವ ಪರೀಕ್ಷೆಗಿಂತ ಇದು ಬಾಯಿಗೆ ಎಷ್ಟೋ ಹತ್ತಿರ. ಹೀಗೆ ದಣಿಸಿದ ಸೆರಾಮಿಕ್ ಎಷ್ಟೋ ಸಲ ಮೊದಲಿನ ಬಲದ ಅರ್ಧಕ್ಕೇ ಸೋಲುತ್ತದೆ.

ಮೂರನೆಯದು ಎದುರಿನ ಹಲ್ಲು. ಕ್ಯಾಪ್ ಉಳಿದು ಅದಕ್ಕೆ ತಾಗುವ ನಿಮ್ಮ ಸ್ವಂತ ಹಲ್ಲು ಸವೆದರೆ ಏನು ಲಾಭ?

ನಾಲ್ಕನೆಯದು, ಎಷ್ಟು ಹಲ್ಲು ಕೊರೆಯಬೇಕು ಅನ್ನುವುದು. ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಐದನೆಯದು ಬಣ್ಣ. ಆರನೆಯದು, ದೇಹಕ್ಕೆ ಒಗ್ಗುತ್ತದೆಯೇ ಅನ್ನುವುದು. ಕೊನೆಗೆ ದುಡ್ಡು.

ಇನ್ನೂ ಒಂದಿದೆ, ಅಂಚು. ಅದನ್ನು ಬೇರೆಯಾಗಿ ಹೇಳುತ್ತೇನೆ, ಏಕೆಂದರೆ ಅದು ಯಾವ ವಸ್ತುವಿನ ಗುಣವೂ ಅಲ್ಲ.

ಪೂರ್ತಿ ಲೋಹದ ಕ್ಯಾಪ್

ನೋಡಲು ಚೆಂದ ಇಲ್ಲ ಅಂತ ಎಲ್ಲರೂ ಮೊದಲು ಪಕ್ಕಕ್ಕೆ ಸರಿಸುವುದು ಇದನ್ನೇ. ಲ್ಯಾಬಿನಲ್ಲಿ ಕೂತು ನೋಡಿದರೆ ಇದಕ್ಕಿರುವ ಒಂದು ಗುಣ ಉಳಿದ ಯಾವುದಕ್ಕೂ ಇಲ್ಲ. ಲೋಹ ಬಾಗುತ್ತದೆ, ಸಿಡಿಯುವುದಿಲ್ಲ. ಎಷ್ಟು ದಣಿಸಿದರೂ ಚಕ್ಕೆ ಏಳುವುದಿಲ್ಲ. ತೆಳ್ಳಗೆ ಮಾಡಬಹುದು, ಆದ್ದರಿಂದ ಹಲ್ಲು ಕೊರೆಯುವುದೂ ಕಡಿಮೆ. ಬೆಲೆ ಎಲ್ಲಕ್ಕಿಂತ ಕಡಿಮೆ. ಚಿನ್ನದ ಮಿಶ್ರಲೋಹ ಇವೆಲ್ಲದರ ಜೊತೆಗೆ ಎದುರಿನ ಹಲ್ಲಿಗೂ ಮೃದು. ಆದರೆ ಈಗಿನ ಚಿನ್ನದ ಬೆಲೆಗೆ ಅದರ ಮಾತು ಬೇಡ.

ತೊಂದರೆ ಇರುವುದು ನಿಕ್ಕಲ್‌ನಲ್ಲಿ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಲೋಹ ಸಾಮಾನ್ಯವಾಗಿ ನಿಕ್ಕಲ್-ಕ್ರೋಮಿಯಂ. ಲೋಹದಿಂದ ಏನು ಬಿಡುತ್ತದೆ ಅಂತ ನೋಡಲು ಅದನ್ನು ಲ್ಯಾಕ್ಟಿಕ್ ಆಮ್ಲ ಮತ್ತು ಉಪ್ಪಿನ ದ್ರಾವಣದಲ್ಲಿ 37 ಡಿಗ್ರಿಯಲ್ಲಿ 7 ದಿನ ಮುಳುಗಿಸಿಡುತ್ತೇವೆ. ಒಂದು ಚದರ ಸೆಂಟಿಮೀಟರಿಗೆ 200 ಮೈಕ್ರೋಗ್ರಾಂಗಿಂತ ಜಾಸ್ತಿ ಬಿಟ್ಟರೆ ಐಎಸ್‌ಓ 22674ರ ಪ್ರಕಾರ ಫೇಲು. ಅದೇ ಮಾನದಂಡ ಬೆರಿಲಿಯಂ ಮತ್ತು ಕ್ಯಾಡ್ಮಿಯಂ 0.02 ಶೇಕಡಾ ಮೀರಬಾರದು ಅನ್ನುತ್ತದೆ. ನಿಕ್ಕಲ್ 0.1 ಶೇಕಡಾ ದಾಟಿದರೆ ಅದನ್ನು ಹೆಸರಿಸಿ ಹೇಳಲೇಬೇಕು. ಬೆರಿಲಿಯಂ ನಿಯಮ ರೋಗಿಗಿಂತ ಹೆಚ್ಚಾಗಿ ಕ್ಯಾಪ್ ಉಜ್ಜುವ ಟೆಕ್ನೀಷಿಯನ್‌ನ ಶ್ವಾಸಕೋಶ ಕಾಯುವುದಕ್ಕೆ. ಅವರೂ ನಮ್ಮವರೇ, ಅದನ್ನು ಮರೆಯಬಾರದು.

ರೋಲ್ಡ್‌ಗೋಲ್ಡ್ ಓಲೆ, ಗಡಿಯಾರದ ಪಟ್ಟಿ, ಜೀನ್ಸ್ ಗುಂಡಿ ತಾಗಿದ ಕಡೆ ನಿಮಗೆ ಕೆರೆತ, ಕೆಂಪು ಗುಳ್ಳೆ ಬರುತ್ತದೆಯೇ? ಹಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ನಿಕ್ಕಲ್ ಇಲ್ಲದ ಕೋಬಾಲ್ಟ್-ಕ್ರೋಮಿಯಂ ಕೇಳಿ, ಇಲ್ಲವಾದರೆ ಸೆರಾಮಿಕ್ ಕಡೆ ಹೋಗಿ. ಈ ತೊಂದರೆ ಇಲ್ಲದವರಿಗೆ, ನಕ್ಕಾಗ ಕಾಣದ ಕಟ್ಟಕಡೆಯ ದವಡೆ ಹಲ್ಲಿಗೆ, ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ, ನಾನು ಯಾವ ಅಳುಕೂ ಇಲ್ಲದೆ ಹೇಳುವುದು ಲೋಹವನ್ನೇ.

ಪಿಎಫ್‌ಎಂ: ಒಳಗೆ ಲೋಹ, ಹೊರಗೆ ಪಿಂಗಾಣಿ

1962ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ವಿದ್ಯೆ ಇದು. ಅಲ್ಲಿಂದ ಇಲ್ಲಿಯವರೆಗೆ ಕೋಟ್ಯಂತರ ಬಾಯಿಗಳಲ್ಲಿ ಕೆಲಸ ಮಾಡಿದೆ. ಇದರ ಗುಟ್ಟು ಬಂಡಿಯ ಗಾಲಿಗೆ ಪಟ್ಟಾ ಕಟ್ಟುವ ಗುಟ್ಟೇ. ಕಾದ ಕಬ್ಬಿಣದ ಪಟ್ಟಾ ತಣಿದು ಮರವನ್ನು ಬಿಗಿಯುತ್ತದೆ ಅಲ್ವಾ? ಇಲ್ಲಿ ಲೋಹ ತಣಿಯುವಾಗ ಪಿಂಗಾಣಿಗಿಂತ ಒಂದಿಷ್ಟೇ ಜಾಸ್ತಿ ಕುಗ್ಗುತ್ತದೆ, ಪಿಂಗಾಣಿಯನ್ನು ಅದುಮಿ ಹಿಡಿಯುತ್ತದೆ. ಅದುಮಿಟ್ಟ ಪಿಂಗಾಣಿ ಸುಲಭಕ್ಕೆ ಬಿರಿಯುವುದಿಲ್ಲ. ಕುಗ್ಗುವ ಅಳತೆ ಹೊಂದದಿದ್ದರೆ ಮಾತ್ರ ತಾನಾಗಿಯೇ ಬಿರುಕು ಬಿಡುತ್ತದೆ.

ಇವೆರಡರ ಬೆಸುಗೆ ಎಷ್ಟು ಗಟ್ಟಿ ಅಂತ ನೋಡಲು ಅರ್ಧ ಮಿಲಿಮೀಟರ್ ದಪ್ಪದ ಲೋಹದ ಪಟ್ಟಿಯ ಮೇಲೆ ಪಿಂಗಾಣಿ ಸುಟ್ಟು, ಪಟ್ಟಿಯನ್ನು ಬಾಗಿಸುತ್ತೇವೆ. ಪಿಂಗಾಣಿಯ ಅಂಚು ಮೊದಲು ಬಿಡುವ ಹೊತ್ತಿಗೆ 25 ಮೆಗಾಪಾಸ್ಕಲ್ ಆದರೂ ಬಂದಿರಬೇಕು ಅನ್ನುವುದು ಐಎಸ್‌ಓ 9693ರ ನಿಯಮ.

ಪಿಎಫ್‌ಎಂನಲ್ಲಿ ಕೊಡಬೇಕಾದ ಬೆಲೆ ಹಲ್ಲಿನದು. ಲೋಹ, ಅದನ್ನು ಮರೆಮಾಡುವ ಬಿಳಿ ಪದರ, ಅದರ ಮೇಲೆ ಹಲ್ಲಿನ ಬಣ್ಣದ ಪಿಂಗಾಣಿ. ಇಷ್ಟಕ್ಕೆ ಜಾಗ ಬೇಕು ಅಂದರೆ ಒಂದೂವರೆಯಿಂದ ಎರಡು ಮಿಲಿಮೀಟರ್ ಹಲ್ಲು ಕೊರೆಯಬೇಕು. ರೂಟ್ ಕೆನಾಲ್ ಆಗದ, ಜೀವ ಇರುವ ಎಳೆಯ ಹಲ್ಲಿಗೆ ಅದು ಜಾಸ್ತಿಯೇ. ವರ್ಷ ಕಳೆದು ಒಸಡು ಕೆಳಗೆ ಸರಿದರೆ ಕಪ್ಪು ಗೆರೆ ಕಾಣುತ್ತದೆ. ಪಿಂಗಾಣಿ ಒರಟಾದರೆ ಎದುರಿನ ಹಲ್ಲನ್ನು ಸವೆಸುತ್ತದೆ. ಇಷ್ಟಿದ್ದರೂ ನಡುವಿನ ಬಜೆಟ್‌ಗೆ ಇದು ಒಳ್ಳೆಯ ಆಯ್ಕೆಯೇ. ಒಳಗಿನ ಹಲ್ಲು ಕಪ್ಪಾಗಿದ್ದಾಗ, ಲೋಹದ ಪೋಸ್ಟ್ (ಬೇರಿನೊಳಗೆ ಕೂರಿಸುವ ಕಡ್ಡಿ) ಹಾಕಿದ್ದಾಗ ಇದು ಅದನ್ನು ಚೆನ್ನಾಗಿ ಮುಚ್ಚುತ್ತದೆ. ಉದ್ದದ ಬ್ರಿಡ್ಜಿಗಂತೂ ಇದರ ಅನುಭವ ದೊಡ್ಡದು.

ಜಿರ್ಕೋನಿಯಾ: ಹೆಸರು ಒಂದು, ಒಳಗೆ ಮೂರು

ಇಲ್ಲಿ ಸ್ವಲ್ಪ ನಿಲ್ಲಬೇಕು. ಜನ ಜಾಸ್ತಿ ಗೊಂದಲಕ್ಕೆ ಬೀಳುವುದೂ, ಜಾಸ್ತಿ ದುಡ್ಡು ಕೊಡುವುದೂ ಇಲ್ಲಿಯೇ.

ಜಿರ್ಕೋನಿಯಾ ಬಿರುಕನ್ನು ತಡೆಯುವ ರೀತಿ ನನಗೆ ಇಂದಿಗೂ ಅಚ್ಚರಿ. ಬಿರುಕಿನ ತುದಿ ಹತ್ತಿರ ಬಂದಾಗ ಅಲ್ಲಿನ ಕಣಗಳು ತಮ್ಮ ಹರಳಿನ ರೂಪ ಬದಲಿಸಿ ಸುಮಾರು 4 ಶೇಕಡಾ ಊದಿಕೊಳ್ಳುತ್ತವೆ. ಊದಿದ ಕಣಗಳು ಬಿರುಕಿನ ಬಾಯಿಯನ್ನು ಹಿಸುಕಿ ಮುಚ್ಚುತ್ತವೆ. ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಅನ್ನುವ ಮೂವರು 1975ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಹೀಗೆ ಬದಲಾಗಲು ಸಿದ್ಧವಾಗಿರುವ ರೂಪದಲ್ಲಿ ಕಣಗಳನ್ನು ಹಿಡಿದಿಡುವುದು ಒಳಗೆ ಬೆರೆಸಿದ ಯಿಟ್ರಿಯಾ, ಅಂದರೆ ಯಿಟ್ರಿಯಂ ಲೋಹದ ಆಕ್ಸೈಡ್.

ಯಿಟ್ರಿಯಾ ಎಷ್ಟು ಅನ್ನುವುದರ ಮೇಲೆ ಜಿರ್ಕೋನಿಯಾದ ಜಾತಿ ಬೇರೆಯಾಗುತ್ತದೆ. 3ವೈ ಅಂದರೆ ನೂರಕ್ಕೆ 3 ಪಾಲು. ಬಲ 900ರಿಂದ 1,200, ಆದರೆ ಸುಣ್ಣ ಬಳಿದ ಹಾಗೆ ಮಂಕು ಬಿಳಿ. 5ವೈ ಅಂದರೆ 5 ಪಾಲು. ಬೆಳಕು ಒಳಗೆ ಹಾಯುತ್ತದೆ, ಹಲ್ಲಿನ ಹಾಗೆ ಕಾಣುತ್ತದೆ, ಆದರೆ ಬಲ 500ರಿಂದ 800ಕ್ಕೆ ಇಳಿಯುತ್ತದೆ. ಆ ಊದಿಕೊಂಡು ಬಿರುಕು ಮುಚ್ಚುವ ಗುಣ ಬಹುಮಟ್ಟಿಗೆ ಹೋಗಿಬಿಡುತ್ತದೆ. 4ವೈ ಇವೆರಡರ ನಡುವೆ. ಕಾರ್ಡಿನಲ್ಲಿ 'ಪ್ರೀಮಿಯಂ ಜಿರ್ಕೋನಿಯಾ' ಅಂತ ಜಾಸ್ತಿ ಬೆಲೆಗೆ ಇರುವುದು ಎಷ್ಟೋ ಸಲ ಈ ಬೆಳಕು ಹಾಯುವ, ಬಲ ಕಡಿಮೆ ಇರುವ ಜಾತಿ. ಅದು ಮೋಸ ಅಲ್ಲ. ಮುಂದಿನ ಹಲ್ಲಿಗೆ ಅದೇ ಬೇಕು. ಆದರೆ ಬೆಲೆ ಜಾಸ್ತಿ ಅಂದರೆ ಬಲ ಜಾಸ್ತಿ ಅಂದುಕೊಂಡು ಹಲ್ಲು ಕಡಿಯುವ ಅಭ್ಯಾಸ ಇರುವವರು ದವಡೆಗೆ ಅದನ್ನು ಹಾಕಿಸಿಕೊಂಡರೆ ಆಯ್ಕೆ ತಲೆಕೆಳಗಾಯಿತು.

ಇನ್ನೊಂದು ಭೇದ ಇದೆ, ಅದನ್ನು ಕಲಿತದ್ದು ನಮ್ಮ ಮನೆಯಲ್ಲೇ. ಅಮ್ಮನ ದವಡೆ ಹಲ್ಲಿಗೆ ಜಿರ್ಕೋನಿಯಾ ಹಾಕಿಸಿದೆವು. ಕಾರ್ಡಿನಲ್ಲಿ 1,200 ಅಂತ ಇತ್ತು, ನಾನೇ ಹೂಂ ಅಂದಿದ್ದೆ. ಎರಡು ವರ್ಷಕ್ಕೆ ಒಂದು ದಿನ ಕೋಡುಬಳೆ ತಿನ್ನುವಾಗ ಒಂದು ಚಕ್ಕೆ ಎದ್ದು ಬಂತು. ಅಮ್ಮ ಅದನ್ನು ಬಟ್ಟಲಿನಲ್ಲಿ ಇಟ್ಟು ನನಗೆ ತೋರಿಸಿದಳು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಅದು ಜಿರ್ಕೋನಿಯಾ ಆಗಿರಲಿಲ್ಲ, ಮೇಲೆ ಹಚ್ಚಿದ ಪಿಂಗಾಣಿ. ಒಳಗಿನ 1,200ರ ತಿರುಳು ಒಂದು ಗೀರೂ ಇಲ್ಲದೆ ಹಾಗೇ ಇತ್ತು. ಮೇಲಿನ ಪದರದ ಬಲ 100ರ ಆಸುಪಾಸು. ಕಾರ್ಡಿನ ಅಂಕಿ ಸುಳ್ಳಾಗಿರಲಿಲ್ಲ, ಅಮ್ಮ ಕಚ್ಚುತ್ತಿದ್ದ ಪದರಕ್ಕೆ ಅದು ಸೇರಿದ್ದಲ್ಲ ಅಷ್ಟೆ. ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದ್ದರಿಂದ ಜಿರ್ಕೋನಿಯಾ ಅಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಪೂರ್ತಿ ಒಂದೇ ತುಂಡಾ, ಅಥವಾ ಮೇಲೆ ಪಿಂಗಾಣಿ ಹಚ್ಚುತ್ತೀರಾ? ದವಡೆಗೆ ಪೂರ್ತಿ ಒಂದೇ ತುಂಡು ಇರಲಿ. ಜಿರ್ಕೋನಿಯಾ ಶಾಖವನ್ನು ಬಹಳ ನಿಧಾನವಾಗಿ ಬಿಡುತ್ತದೆ. ಅದರಿಂದ ಮೇಲಿನ ಪಿಂಗಾಣಿಯನ್ನು ಸುಟ್ಟು ಬೇಗ ತಣಿಸಿದರೆ ಒಳಗೇ ಬಿಗಿತ ಉಳಿದುಕೊಂಡು ಮುಂದೆಂದೋ ಚಕ್ಕೆ ಏಳುತ್ತದೆ.

ಎದುರಿನ ಹಲ್ಲಿನ ಬಗ್ಗೆ ಒಂದು ಹೆದರಿಕೆ ಹರಿದಾಡುತ್ತದೆ. ಜಿರ್ಕೋನಿಯಾ ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಮೂರು ನಾಲ್ಕು ಪಟ್ಟು ಕಠಿಣ, ಹಾಗಾಗಿ ಹಲ್ಲನ್ನು ತಿಂದುಹಾಕುತ್ತದೆ ಅನ್ನುತ್ತಾರೆ. ಸವೆತದ ಪರೀಕ್ಷೆಗಳು ಬೇರೆಯೇ ಹೇಳುತ್ತವೆ. ಸವೆಸುವುದು ಒರಟುತನ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎನಾಮಲ್ಲನ್ನು ಪಿಂಗಾಣಿಗಿಂತ ಕಡಿಮೆ ಸವೆಸುತ್ತದೆ. ಬರೀ ಗ್ಲೇಜ್ (ಗಾಜಿನಂಥ ತೆಳು ಹೊಳಪಿನ ಪದರ) ಬಳಿದದ್ದು ಅಷ್ಟು ಒಳ್ಳೆಯದಲ್ಲ. ಗ್ಲೇಜ್ ಕೆಲವು ತಿಂಗಳಲ್ಲಿ ಕಿತ್ತು ಹೋಗಿ ಕೆಳಗಿನ ಒರಟು ಮೈ ಹೊರಬರುತ್ತದೆ. ಕ್ಯಾಪ್ ಕೂರಿಸಿದ ಮೇಲೆ ಎತ್ತರ ಸರಿಮಾಡಲು ಡಾಕ್ಟರ್ ಒಂದಿಷ್ಟು ಉಜ್ಜುತ್ತಾರೆ ನೋಡಿ, ಆ ಜಾಗಕ್ಕೆ ಮತ್ತೆ ಪಾಲಿಶ್ ಮಾಡಿಸಿಕೊಳ್ಳಿ. ಐದು ನಿಮಿಷದ ಕೆಲಸ ಅದು, ಎದುರಿನ ಹಲ್ಲಿಗೆ ವರ್ಷಗಟ್ಟಲೆಯ ರಕ್ಷಣೆ.

ಕುಲುಮೆಯ ಮಾತೂ ಹೇಳಬೇಕು. ಒದ್ದೆಯಲ್ಲಿ 3ವೈ ಕಣಗಳು ಬಿರುಕೇ ಇಲ್ಲದೆ ತಾವಾಗಿ ರೂಪ ಬದಲಿಸಿ ಮೇಲ್ಮೈ ಹಾಳುಮಾಡಬಹುದು. ಇದನ್ನು ನೋಡಲು 134 ಡಿಗ್ರಿ ಹಬೆಯಲ್ಲಿ 5 ಗಂಟೆ ಇಡುತ್ತೇವೆ. ಶಸ್ತ್ರಚಿಕಿತ್ಸೆಯ ಜಿರ್ಕೋನಿಯಾದ ಐಎಸ್‌ಓ 13356ರಲ್ಲಿ, ಆ ಹಬೆಯ ನಂತರವೂ ರೂಪ ಬದಲಿಸಿದ ಪಾಲು 25 ಶೇಕಡಾ ಮೀರುವಂತಿಲ್ಲ. ಇದು ಪುಸ್ತಕದ ಭಯ ಅಲ್ಲ. 2001ರಲ್ಲಿ ಫ್ರಾನ್ಸಿನ ಒಂದು ಕಂಪನಿ ಮಾಡಿದ ಸೊಂಟದ ಕೀಲಿನ ಜಿರ್ಕೋನಿಯಾ ಗುಂಡುಗಳು ರೋಗಿಗಳ ಮೈಯೊಳಗೇ ಸಾಲಾಗಿ ಒಡೆದವು. ಪುಡಿ ಅದೇ, ಹೆಸರು ಅದೇ. ಬದಲಾಗಿದ್ದು ಸುಡುವ ಕುಲುಮೆಯ ಬಗೆ. ಒಂದು ಕ್ಯಾಪಿಗೆ ಅಷ್ಟು ಅಪಾಯ ಇಲ್ಲ, ಆದರೆ ಪಾಠ ಅದೇ. ಕ್ಯಾಪ್ ಕೊರೆದು ತೆಗೆಯುವ ಜಿರ್ಕೋನಿಯಾ ಬ್ಲಾಕು ಯಾವ ದೇಶದ್ದು ಅನ್ನುವಷ್ಟೇ ಮುಖ್ಯ, ಅದನ್ನು ಸುಟ್ಟ, ಕ್ಯಾಪ್ ಮಾಡಿಕೊಡುವ ಡೆಂಟಲ್ ಲ್ಯಾಬು ತಯಾರಕರು ಹೇಳಿದ ಶಾಖ ಮತ್ತು ಸಮಯ ಪಾಲಿಸುತ್ತದೆಯೇ ಅನ್ನುವುದು.

ಜಿರ್ಕೋನಿಯಾದ ದೊಡ್ಡ ಲಾಭ ಎರಡು. ಅರ್ಧದಿಂದ ಒಂದು ಮಿಲಿಮೀಟರ್ ದಪ್ಪ ಸಾಕು, ಹಲ್ಲು ಉಳಿಯುತ್ತದೆ. ನಿಕ್ಕಲ್ ಒಗ್ಗದವರಿಗೆ ನೆಮ್ಮದಿ. ಬೆಲೆ ಮಾತ್ರ ಸಾಮಾನ್ಯವಾಗಿ ಪಿಎಫ್‌ಎಂನ ಎರಡು ಮೂರು ಪಟ್ಟು.

ಇಮ್ಯಾಕ್ಸ್ ಅನ್ನುವ ಗಾಜು ಸೆರಾಮಿಕ್

ಇಮ್ಯಾಕ್ಸ್ ಅನ್ನುವುದು ಲಿಕ್ಟೆನ್‌ಸ್ಟೈನ್‌ನ ಇವೋಕ್ಲಾರ್ ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು. ವಸ್ತು ಲಿಥಿಯಂ ಡೈಸಿಲಿಕೇಟ್. ಗಾಜಿನೊಳಗೆ ಸೂಜಿಯಂಥ ಹರಳುಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ಬಿರುಕು ಅವನ್ನು ಸುತ್ತಿ ಸುತ್ತಿ ಹೋಗಬೇಕಾಗುತ್ತದೆ. ಬಲ ಸುಮಾರು 360ರಿಂದ 400. ಕಾರ್ಡಿನಲ್ಲಿ ಜಿರ್ಕೋನಿಯಾದ ಪಕ್ಕ ಈ ಅಂಕಿ ಬಡವಾಗಿ ಕಾಣುತ್ತದೆ. ಆದರೆ ಮೇಲೆ ಹೇಳಿದ 300ರ ಗೆರೆ ದಾಟಿದೆ ನೋಡಿ.

ಇದರ ಶಕ್ತಿ ಇರುವುದು ಅಂಟಿನಲ್ಲಿ. ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲ ಹಚ್ಚಿದರೆ ಗಾಜು ಕರಗಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಆಮೇಲೆ ಗಾಜಿಗೂ ಅಂಟಿಗೂ ಕೊಂಡಿಯಾಗುವ ಸೈಲೇನ್ ದ್ರವ, ಅದರ ಮೇಲೆ ರೆಸಿನ್ ಸಿಮೆಂಟು. ಕ್ಯಾಪ್ ಮತ್ತು ಹಲ್ಲು ಒಂದೇ ಮೈಯಂತಾಗುತ್ತವೆ, ಭಾರ ಕೆಳಗಿನ ಹಲ್ಲಿಗೆ ಹಂಚಿಹೋಗುತ್ತದೆ. ಜಿರ್ಕೋನಿಯಾದಲ್ಲಿ ಗಾಜಿಲ್ಲ, ಆ ಆಮ್ಲ ಅದಕ್ಕೆ ಹೀಗೆ ಕುಳಿ ತೋಡಲಾರದು. ಅದಕ್ಕೆ ಅಲ್ಯೂಮಿನಾ ಪುಡಿ ಊದಿ, ಎಂಡಿಪಿ ಅನ್ನುವ, ಜಿರ್ಕೋನಿಯಾಕ್ಕೆ ಹಿಡಿದುಕೊಳ್ಳುವ ರಾಸಾಯನಿಕ ಇರುವ ಪ್ರೈಮರ್ ಹಚ್ಚಬೇಕು. ಅಂಟು ಬರುತ್ತದೆ, ಆದರೆ ಶ್ರದ್ಧೆ ಬೇಕು. ಹಲ್ಲು ಕುಳ್ಳಾಗಿದ್ದು ಕ್ಯಾಪಿಗೆ ಹಿಡಿತ ಸಾಲದಿದ್ದಾಗ ಈ ವ್ಯತ್ಯಾಸ ದೊಡ್ಡದು.

ಅಂಟಿನ ಮಾತು ಏಕೆ ಮುಖ್ಯ ಅಂದರೆ, ಲ್ಯಾಬಿನಲ್ಲಿ ಕ್ಯಾಪಿನ ಮೇಲೆ ಉಕ್ಕಿನ ಗುಂಡಿಟ್ಟು ಒತ್ತಿದರೆ ಗುಂಡು ತಾಗಿದ ಜಾಗದಿಂದ ಬಿರುಕು ಶುರುವಾಗುತ್ತದೆ. ಬಾಯಲ್ಲಿ ಒಡೆದ ಕ್ಯಾಪುಗಳನ್ನು ಕೂಡಿಸಿ ನೋಡಿದರೆ ಬಿರುಕು ಎಷ್ಟೋ ಸಲ ಒಳಮೈಯಿಂದ, ಸಿಮೆಂಟಿನ ಕಡೆಯಿಂದ ಶುರುವಾಗಿರುತ್ತದೆ. ಅಮೆರಿಕದ ಜೆ. ರಾಬರ್ಟ್ ಕೆಲ್ಲಿ 1999ರಲ್ಲೇ ಇದನ್ನು ಎತ್ತಿ ಹೇಳಿದರು. 'ನಮ್ಮ ಕ್ಯಾಪ್ 3,000 ನ್ಯೂಟನ್ ತಡೆಯಿತು' (ಸುಮಾರು 300 ಕಿಲೋ ಭಾರ) ಅನ್ನುವ ಜಾಹೀರಾತು ಕಂಡರೆ ಈ ಮಾತು ನೆನಪಿಡಿ.

ಮುಂದಿನ ಹಲ್ಲಿಗೆ, ಒಳಗಿನ ಹಲ್ಲು ಬೆಳ್ಳಗೆ ಚೆನ್ನಾಗಿದ್ದರೆ, ಇಮ್ಯಾಕ್ಸ್‌ನಷ್ಟು ಚೆಂದ ಕಾಣುವುದು ಕಡಿಮೆ. ಒಳಗೆ ಕಪ್ಪು ಹಲ್ಲು, ಲೋಹದ ಪೋಸ್ಟ್ ಇದ್ದರೆ ಅದೇ ಬೆಳಕು ಹಾಯುವ ಗುಣ ಶತ್ರುವಾಗುತ್ತದೆ, ಬೂದು ಛಾಯೆ ಹೊರಗೆ ಬರುತ್ತದೆ. ಲ್ಯಾಬಿನಲ್ಲಿ ತುಂಡನ್ನು ಬಿಳಿ ಮತ್ತು ಕಪ್ಪು ಹಿನ್ನೆಲೆ ಎರಡರ ಮೇಲೂ ಇಟ್ಟು ಬಣ್ಣ ಅಳೆಯುವುದು ಇದಕ್ಕೇ. ದವಡೆ ಹಲ್ಲು ಸೇರಿದ ಬ್ರಿಡ್ಜಿಗೆ ಇದು ಬೇಡವೇ ಬೇಡ. 500ರ ಗೆರೆ ದಾಟುವುದಿಲ್ಲ.

ಕಾರ್ಡಿನಲ್ಲಿ ಬರೆಯದೇ ಇರುವ ಅಂಚು

ವಸ್ತು ಮುರಿಯುವುದಕ್ಕಿಂತ ಮೊದಲೇ ಎಷ್ಟೋ ಕ್ಯಾಪುಗಳು ಅಂಚಿನಲ್ಲಿ ಸೋಲುತ್ತವೆ. ಕ್ಯಾಪ್ ಮತ್ತು ಹಲ್ಲಿನ ನಡುವಿನ ಸಂದಿಯಲ್ಲಿ ಸಿಮೆಂಟು ಕರಗಿ, ಹುಳುಕು ಒಳಗೆ ಸೇರುತ್ತದೆ. ಮೆಕ್‌ಲೀನ್ ಮತ್ತು ವಾನ್ ಫ್ರೌನ್‌ಹೋಫರ್ ಸಾವಿರಕ್ಕೂ ಹೆಚ್ಚು ಕೆಲಸಗಳನ್ನು 5 ವರ್ಷ ನೋಡಿ, 1971ರಲ್ಲಿ 120 ಮೈಕ್ರಾನ್ ಒಳಗಿನ ಸಂದಿ ನಡೆಯುತ್ತದೆ ಅಂದರು. ಇಂದಿಗೂ ಎಲ್ಲರೂ ಅದೇ ಅಂಕಿ ಹಿಡಿದು ಅಳೆಯುತ್ತಾರೆ. ಒಂದು ಕೂದಲಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಅದು. ಈ ಸಂದಿ ಲೋಹಕ್ಕೋ ಜಿರ್ಕೋನಿಯಾಕ್ಕೋ ಕಟ್ಟುಬಿದ್ದಿಲ್ಲ. ಡಾಕ್ಟರ್ ಹಲ್ಲು ಕೊರೆದ ರೀತಿ, ಅಳತೆ ತೆಗೆದ ರೀತಿ, ಡೆಂಟಲ್ ಲ್ಯಾಬಿನವರ ಕೈ, ಇವುಗಳಿಗೆ ಕಟ್ಟುಬಿದ್ದಿದೆ. 15 ವರ್ಷದ ವಾರಂಟಿ ಇರುವುದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ, ಒಳಗಿನ ಹಲ್ಲು ಹುಳುಕಾದರೆ ಅಲ್ಲ. ವಸ್ತುವಿಗೆ ಜಾಸ್ತಿ ಕೊಡುವುದಾ, ಒಳ್ಳೆಯ ಕೈಗೆ ಜಾಸ್ತಿ ಕೊಡುವುದಾ ಅನ್ನುವ ಪ್ರಶ್ನೆ ಬಂದರೆ ನಾನು ಕೈಗೇ ಕೊಡುತ್ತೇನೆ.

ನಿಮ್ಮ ಹಲ್ಲಿಗೆ ಯಾವುದು

ಕಟ್ಟಕಡೆಯ ದವಡೆ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ, ಅಥವಾ ದಿನವಿಡೀ ಎಲೆ ಅಡಿಕೆ. ದುಡ್ಡು ಕಡಿಮೆ ಇದ್ದರೆ ಪೂರ್ತಿ ಲೋಹ. ಇದ್ದರೆ ಪೂರ್ತಿ ಒಂದೇ ತುಂಡಿನ 3ವೈ ಜಿರ್ಕೋನಿಯಾ, ಪಾಲಿಶ್ ಮಾಡಿದ್ದು. ಅಡಿಕೆ ಅಗಿಯುವವರಿಗೆ ಪಿಂಗಾಣಿ ಪದರ ಇರುವ ಯಾವುದೂ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಗುವಾಗ ಅರೆಬರೆ ಕಾಣುವ ಮುಂದವಡೆ ಹಲ್ಲಿಗೆ 4ವೈ ಜಿರ್ಕೋನಿಯಾ ಅಥವಾ ಇಮ್ಯಾಕ್ಸ್. ನಡುವಿನ ಬಜೆಟ್ ಆದರೆ ಪಿಎಫ್‌ಎಂ.

ಮುಂದಿನ ಹಲ್ಲು ಬೆಳ್ಳಗಿದ್ದರೆ ಇಮ್ಯಾಕ್ಸ್. ಕಪ್ಪಾಗಿದ್ದರೆ ಪಿಂಗಾಣಿ ಹಚ್ಚಿದ ಜಿರ್ಕೋನಿಯಾ, ಇಲ್ಲವೇ ಪಿಎಫ್‌ಎಂ. ಮುಂದಿನ ಹಲ್ಲಿನ ಮೇಲೆ ಬೀಳುವ ಭಾರ ಕಡಿಮೆ, ಅಲ್ಲಿ ಪಿಂಗಾಣಿಗೆ ನಾನು ಹೆದರುವುದಿಲ್ಲ.

ಕೋಲಾರ, ಪಾವಗಡ ಕಡೆಯವರು ಕೆಲವರು ಕೇಳುತ್ತಾರೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲೆಲ್ಲ ಕಂದು ಪಟ್ಟೆ, ಒಂದಕ್ಕೆ ಮಾತ್ರ ಕ್ಯಾಪ್ ಬೇಕು. ಅಲ್ಲಿ ಅಚ್ಚ ಬಿಳಿ ಕ್ಯಾಪ್ ಎದ್ದು ಕಾಣುತ್ತದೆ. ಪಕ್ಕದ ಹಲ್ಲಿನ ಪಟ್ಟೆಯನ್ನು ನೋಡಿ ಕೈಯಲ್ಲಿ ಬಣ್ಣ ಹಚ್ಚುವ ಟೆಕ್ನೀಷಿಯನ್ ಇರುವ ಲ್ಯಾಬನ್ನು ಆರಿಸಿ. ವಸ್ತು ಆಮೇಲೆ. ಕ್ಯಾಪಿನ ಬದಲು ಹಲ್ಲಿನ ಮುಂಭಾಗಕ್ಕೆ ಮಾತ್ರ ತೆಳು ಚಿಪ್ಪು, ಅಂದರೆ ವೆನಿಯರ್, ಅಂಟಿಸುವುದಾದರೆ ಇನ್ನೊಂದು ಮಾತು: ಫ್ಲೋರೋಸಿಸ್ ಆದ ಎನಾಮಲ್‌ನ ಹೊರಪದರಕ್ಕೆ ಆಮ್ಲ ಸುಲಭವಾಗಿ ಹತ್ತುವುದಿಲ್ಲ, ಅಂಟು ಸಡಿಲವಾಗಬಹುದು. ಇದನ್ನು ಅರಿತ ಡಾಕ್ಟರ್ ಬೇಕು.

ಎರಡು ಹಲ್ಲಿಗೆ ಕ್ಯಾಪ್ ಬೇಕು, ಎರಡಕ್ಕೂ ಜಿರ್ಕೋನಿಯಾ ಹಾಕಿಸುವಷ್ಟು ದುಡ್ಡಿಲ್ಲ ಅಂತ ಒಂದನ್ನು ಮುಂದಕ್ಕೆ ಹಾಕುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ರೂಟ್ ಕೆನಾಲ್ ಆದ ದವಡೆ ಹಲ್ಲು ಕ್ಯಾಪ್ ಇಲ್ಲದೆ ಸೀಳಿದರೆ ಕೀಳಿಸಬೇಕಾಗುತ್ತದೆ. ಹಿಂದಿನದಕ್ಕೆ ಲೋಹ ಹಾಕಿಸಿ, ಕಾಣುವುದಕ್ಕೆ ಬೇಕಾದ್ದು ಹಾಕಿಸಿ. ದಂತ ಕಾಲೇಜುಗಳ ಆಸ್ಪತ್ರೆಯಲ್ಲಿ ದರ ಕಡಿಮೆ. ನಾಲ್ಕೈದು ಸಲ ಓಡಾಡಬೇಕು, ಕಾಯಬೇಕು, ಆದರೆ ವಿದ್ಯಾರ್ಥಿಯ ಕೆಲಸವನ್ನು ಮೇಷ್ಟ್ರು ನಿಂತು ನೋಡಿರುತ್ತಾರೆ.

ಅಮ್ಮನ ಹಲ್ಲಿಗೆ ಎರಡನೆಯ ಸಲ ಪೂರ್ತಿ ಒಂದೇ ತುಂಡಿನ 3ವೈ ಹಾಕಿಸಿದೆವು. ಆ ಸಲ ನಾನು ಜೊತೆಗೆ ಹೋಗಿ ಮೂರು ವಿಷಯ ಕೇಳಿದೆ. ಮೇಲೆ ಪಿಂಗಾಣಿ ಇದೆಯಾ? ಉಜ್ಜಿದ ಮೇಲೆ ಪಾಲಿಶ್ ಮಾಡುತ್ತೀರಾ? ಬ್ಲಾಕಿನ ಹೆಸರು, ಬ್ಯಾಚ್ ನಂಬರ್ ಇರುವ ಚೀಟಿ ಕೊಡುತ್ತೀರಾ? ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ. ಚೀಟಿ ಅಮ್ಮನ ಪರ್ಸಿನಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ.